ಸೂತ್ರಕ್ಕೆ ತನ್ನ ಹೊಲದ ಬದು ಗೊತ್ತಿಲ್ಲ

ಹೊಸ ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಒಂದು ಸುತ್ತು ಹಾಕುವುದು ನಮ್ಮ ಮನೆಯ ರೂಢಿ. ನಿಮ್ಮಲ್ಲಿ ಹಲವರ ಮನೆಯಲ್ಲೂ ಇರಬೇಕು, ತಲೆಯಾಡಿಸುತ್ತಿದ್ದೀರಿ. ಇವತ್ತಿನ ಪಾಠವನ್ನು ಆ ಸುತ್ತಿನಿಂದಲೇ ಶುರುಮಾಡುತ್ತೇನೆ.

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ನಮ್ಮ ಮನೆಯಲ್ಲಿ ದಿನಕ್ಕೆ 0.4 ಕಿಲೋ ಖರ್ಚಾಗುತ್ತದೆ ಎಂದುಕೊಳ್ಳಿ. ದಿನಗಳ ಲೆಕ್ಕವನ್ನು 'ದ' ಎಂದು ಕರೆದರೆ ಉಳಿದ ಗ್ಯಾಸ್ 14.2 − 0.4 × ದ. ಇದೊಂದು ಫಂಕ್ಷನ್. ದಿನವನ್ನು ಕೊಟ್ಟರೆ ಗ್ಯಾಸನ್ನು ಹೇಳುತ್ತದೆ. ಹತ್ತನೆಯ ದಿನಕ್ಕೆ 10.2 ಕಿಲೋ, ಇಪ್ಪತ್ತನೆಯ ದಿನಕ್ಕೆ 6.2 ಕಿಲೋ. ಈಗ ನಲವತ್ತನೆಯ ದಿನವನ್ನು ಹಾಕಿ ನೋಡಿ. ಮೈನಸ್ 1.8 ಕಿಲೋ! ಸೂತ್ರ ಇದನ್ನು ಯಾವ ಅಳುಕೂ ಇಲ್ಲದೆ ಹೇಳುತ್ತದೆ. ಒಲೆ ಆರಿ ನಾಲ್ಕೈದು ದಿನವಾಯಿತು, ಮನೆಯವರೆಲ್ಲ ಹೋಟೆಲಿನಿಂದ ಊಟ ತರಿಸುತ್ತಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಸಿಲಿಂಡರ್ ಜೋಡಿಸುವುದಕ್ಕೆ ಐದು ದಿನ ಮೊದಲು, ಅಂದರೆ ದ = −5 ಎಂದು ಕೇಳಿದರೆ 16.2 ಕಿಲೋ ಎಂದೂ ಹೇಳುತ್ತದೆ. ಕಂಪನಿಯವರು ಅಷ್ಟು ತುಂಬುವುದೇ ಇಲ್ಲ.

ಹಾಗಾದರೆ ಈ ಸೂತ್ರದ ಮಾತನ್ನು ಎಲ್ಲಿಂದ ಎಲ್ಲಿಯವರೆಗೆ ನಂಬಬೇಕು? 14.2 ಅನ್ನು 0.4ರಿಂದ ಭಾಗಿಸಿದರೆ 35.5 ಬರುತ್ತದೆ. ಸೊನ್ನೆಯಿಂದ ಮೂವತ್ತೈದೂವರೆ ದಿನದವರೆಗೆ ನಂಬಬಹುದು. ಅದು ಈ ಫಂಕ್ಷನ್ನಿನ ಡೊಮೇನ್. ಅಷ್ಟು ದಿನಗಳಲ್ಲಿ ಅದು ಕೊಡಬಲ್ಲ ಉತ್ತರಗಳು 14.2ರಿಂದ ಇಳಿದು ಸೊನ್ನೆಗೆ ಬರುತ್ತವೆ. ಅದು ರೇಂಜ್.

ಇಲ್ಲೇ ಒಂದು ಕಿರುಪರೀಕ್ಷೆ. ಸಿಲಿಂಡರನ್ನು ತಕ್ಕಡಿಗೆ ಹಾಕಿ ತೂಗಿದರೆ ರೇಂಜ್ ಏನಾಗುತ್ತದೆ? ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ, ಒಂದೊಂದರದು ಒಂದೊಂದು. 15.3 ಕಿಲೋ ಎಂದು ಬರೆದಿದೆ ಎಂದುಕೊಳ್ಳಿ. ಆಗ ತಕ್ಕಡಿ ತೋರಿಸುವುದು 29.5ರಿಂದ 15.3ರವರೆಗೆ ಮಾತ್ರ. ಅಡುಗೆಮನೆ ಅದೇ, ಒಲೆ ಅದೇ, ದಿನಗಳೂ ಅವೇ. ಅಳೆಯುವ ವಸ್ತು ಬದಲಾದ ಕೂಡಲೇ ರೇಂಜ್ ಬದಲಾಯಿತು. ಹಾಗಾಗಿ ಲೆಕ್ಕಕ್ಕೆ ಕೈಹಾಕುವ ಮುನ್ನ ಒಳಗೆ ಹಾಕುವುದು ಏನು, ಹೊರಗೆ ಬರುವುದು ಏನು ಎಂದು ಕನ್ನಡದಲ್ಲಿ ಒಂದೊಂದು ವಾಕ್ಯ ಬರೆದುಕೊಳ್ಳಿ. ಅರ್ಧ ತಪ್ಪುಗಳು ಅಲ್ಲೇ ನಿಲ್ಲುತ್ತವೆ.

ಈ ಪದಗಳ ಬಗ್ಗೆ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಫಂಕ್ಷನ್ನಿಗೆ ಕನ್ನಡದಲ್ಲಿ ಫಲನ ಎನ್ನುವವರಿದ್ದಾರೆ, ಉತ್ಪನ್ನ ಎನ್ನುವವರಿದ್ದಾರೆ. ಡೊಮೇನಿಗೆ ಕ್ಷೇತ್ರ ಎಂಬ ಮಾತಿದೆ, ರೇಂಜಿಗೆ ವ್ಯಾಪ್ತಿ. ನನಗೆ ಫಲನ ಮತ್ತು ಕ್ಷೇತ್ರದ ಜೋಡಿ ಬಹಳ ಹಿಡಿಸುತ್ತದೆ. ಕ್ಷೇತ್ರ ಎಂದರೆ ಮೂಲದಲ್ಲಿ ಹೊಲ. ಹೊಲದಲ್ಲಿ ಬಿತ್ತಿದ್ದು ಫಲವಾಗಿ ಬರುತ್ತದೆ. ಹೊಲ ಎಂದಮೇಲೆ ಬದು ಇರಲೇಬೇಕು. ಬದು ಎಂದಮೇಲೆ ಅದು ಯಾರಿಗೆ ಸೇರಿದ್ದು ಎಂಬ ಜಗಳವೂ ಇರಬೇಕು! ಗಣಿತದಲ್ಲಿ ಆ ಜಗಳಕ್ಕೆ ಚಿಹ್ನೆಗಳೇ ಇವೆ. ಕೊನೆಯ ಬಿಂದು ಸೇರಿದೆ ಎಂದಾದರೆ ಚೌಕ ಆವರಣ, ಸೇರಿಲ್ಲ ಎಂದಾದರೆ ದುಂಡಗಿನ ಆವರಣ. ರೈಲಿನಲ್ಲಿ ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ ಎನ್ನುತ್ತಾರಲ್ಲ, ಇವತ್ತೇ ಐದು ತುಂಬಿದ ಮಗು ಬದುವಿನ ಮೇಲೆ ನಿಂತಿರುತ್ತದೆ. ಚೌಕವೋ ದುಂಡೋ ಎಂಬುದು ಅಲ್ಲಿ ಟಿಕೆಟ್ಟಿನ ಹಣದ ಪ್ರಶ್ನೆ.

ತರಗತಿಯಲ್ಲಿ ನಾವು ಡೊಮೇನ್ ಹುಡುಕುವುದನ್ನು ಹೇಗೆ ಕಲಿಸುತ್ತೇವೆ? ಛೇದ ಸೊನ್ನೆಯಾಗಬಾರದು, ವರ್ಗಮೂಲದೊಳಗೆ ಋಣಸಂಖ್ಯೆ ಬರಬಾರದು, ಮುಗಿಯಿತು. ನಾನೂ ವರ್ಷಗಟ್ಟಲೆ ಹಾಗೆಯೇ ಕಲಿಸಿದ್ದೇನೆ. ಅದು ತಪ್ಪಲ್ಲ. ಆದರೆ ಅದು ಬೀಜಗಣಿತ ತಾನಾಗಿ ಹಾಕುವ ಬೇಲಿ ಮಾತ್ರ. ಸಿಲಿಂಡರಿನ ಸೂತ್ರದಲ್ಲಿ ಛೇದವೂ ಇಲ್ಲ, ವರ್ಗಮೂಲವೂ ಇಲ್ಲ. ಪುಸ್ತಕದ ನಿಯಮದಂತೆ ನೋಡಿದರೆ ಅದರ ಡೊಮೇನ್ ಎಲ್ಲ ವಾಸ್ತವ ಸಂಖ್ಯೆಗಳು. 35.5 ಎಂಬ ಬದು ಸೂತ್ರದಲ್ಲಿರಲಿಲ್ಲ, ಅಡುಗೆಮನೆಯಲ್ಲಿತ್ತು.

ಜೋಗಕ್ಕೆ ಹೋಗೋಣ. ಶರಾವತಿ ಅಲ್ಲಿ 253 ಮೀಟರ್ ಕೆಳಕ್ಕೆ ಬೀಳುತ್ತಾಳೆ. ಮೇಲಿನಿಂದ ಒಂದು ಕಲ್ಲನ್ನು ಕೈಬಿಟ್ಟರೆ (ದಯವಿಟ್ಟು ಬಿಡಬೇಡಿ, ಕೆಳಗೆ ಜನರಿರುತ್ತಾರೆ, ಮನಸ್ಸಿನಲ್ಲೇ ಬಿಡಿ) ಗಾಳಿಯ ತಡೆಯನ್ನು ಮರೆತು ಲೆಕ್ಕ ಹಾಕಿದಾಗ, 'ಸ' ಸೆಕೆಂಡಿನ ನಂತರ ಅದರ ಎತ್ತರ 253 − 4.9 × ಸ × ಸ. ಹತ್ತು ಸೆಕೆಂಡಿಗೆ ಎಷ್ಟು? ಮೈನಸ್ 237 ಮೀಟರ್. ಕಲ್ಲು ಬಂಡೆಯನ್ನು ಕೊರೆದುಕೊಂಡು ಪಾತಾಳಕ್ಕೆ ಹೋಗಿರಬೇಕು! ಎತ್ತರ ಸೊನ್ನೆಯಾಗುವುದು ಯಾವಾಗ ಎಂದು ಕೇಳಿದರೆ ಸಮೀಕರಣ ಎರಡು ಉತ್ತರ ಕೊಡುತ್ತದೆ, ಪ್ಲಸ್ 7.2 ಮತ್ತು ಮೈನಸ್ 7.2 ಸೆಕೆಂಡ್, ಹೆಚ್ಚುಕಡಿಮೆ. ಮೈನಸ್ 7.2 ಎಂದರೆ ಕೈಬಿಡುವುದಕ್ಕೆ ಏಳು ಸೆಕೆಂಡ್ ಮೊದಲು ಕಲ್ಲು ಗುಂಡಿಯ ತಳದಲ್ಲಿತ್ತು ಎಂದು. ಆಗ ಅದು ನನ್ನ ಮುಷ್ಟಿಯಲ್ಲಿತ್ತು. ಡೊಮೇನ್ 0ಯಿಂದ 7.2 ಸೆಕೆಂಡ್, ವ್ಯಾಪ್ತಿ 0ಯಿಂದ 253 ಮೀಟರ್. ಎರಡೂ ಬದುಗಳನ್ನು ಹಾಕಿದ್ದು ನಾವು. ಒಂದು ಕಡೆ ನನ್ನ ಮುಷ್ಟಿ, ಇನ್ನೊಂದು ಕಡೆ ಬಂಡೆ.

ಸಮೀಕರಣ ಕೊಡುವ ಉತ್ತರಕ್ಕೆ ಬೇರು ಎನ್ನುತ್ತೇವೆ. ಒಂದು ಬೇರನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡುವ ಈ ಕೆಲಸ ಹೊಸದೇನಲ್ಲ. ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದ್ದು 1150ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ. ಅವನ ಊರು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದು ಎನ್ನುವವರಿದ್ದಾರೆ. ಆ ಬದುವಿನ ಜಗಳ ಇವತ್ತು ಬೇಡ. ಅವನ ಬೀಜಗಣಿತದಲ್ಲಿ ಕೋತಿಗಳ ಎರಡು ಲೆಕ್ಕಗಳಿವೆ. ನನಗೆ ತುಂಬ ಪ್ರಿಯವಾದವು. ಅವಸರವಿಲ್ಲದೆ ನೋಡೋಣ.

ಮೊದಲನೆಯದು. ಒಂದು ಕೋತಿಗಳ ಹಿಂಡು. ಅದರ ಎಂಟನೆಯ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಆಡುತ್ತಿವೆ. ಉಳಿದ ಹನ್ನೆರಡು ಗುಡ್ಡದ ಮೇಲೆ ಗಲಾಟೆ ಮಾಡುತ್ತಿವೆ. ಒಟ್ಟು ಎಷ್ಟು? ಬಿಡಿಸಿದರೆ ಎರಡು ಉತ್ತರ: 48 ಮತ್ತು 16. ಪರೀಕ್ಷಿಸೋಣ. 48ರ ಎಂಟನೆಯ ಒಂದು ಭಾಗ 6, ವರ್ಗ 36, ಹನ್ನೆರಡು ಸೇರಿಸಿದರೆ 48. ಸರಿ. 16ರ ಎಂಟನೆಯ ಒಂದು ಭಾಗ 2, ವರ್ಗ 4, ಹನ್ನೆರಡು ಸೇರಿದರೆ 16. ಅದೂ ಸರಿ. ಭಾಸ್ಕರ ಎರಡನ್ನೂ ಒಪ್ಪಿಕೊಳ್ಳುತ್ತಾನೆ. ಹಿಂಡಿನಲ್ಲಿ ಹದಿನಾರು ಇದ್ದರೂ ಕಥೆ ಕೆಡುವುದಿಲ್ಲ, ನಲವತ್ತೆಂಟು ಇದ್ದರೂ ಕೆಡುವುದಿಲ್ಲ.

ಎರಡನೆಯದು. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ಬಂದದ್ದರ ವರ್ಗದಷ್ಟು ಕೋತಿಗಳು ಗವಿಯೊಳಗೆ ಹೋದವು. ಕೊಂಬೆಯ ಮೇಲೆ ಕುಳಿತ ಒಂದು ಮಾತ್ರ ಕಾಣಿಸುತ್ತಿದೆ. ಒಟ್ಟು ಎಷ್ಟು? ಮತ್ತೆ ಎರಡು ಉತ್ತರ: 50 ಮತ್ತು 5. ಐವತ್ತರ ಐದನೆಯ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಒಂದು ಸೇರಿದರೆ 50. ಸೊಗಸಾಗಿದೆ. ಇನ್ನು ಐದು: ಐದನೆಯ ಒಂದು ಭಾಗ 1, ಅದರಲ್ಲಿ ಮೂರು ಕಳೆದರೆ ಮೈನಸ್ 2, ವರ್ಗ 4, ಒಂದು ಸೇರಿದರೆ 5. ಸಮೀಕರಣಕ್ಕೆ ಇದರಿಂದ ಏನೂ ಬೇಸರವಿಲ್ಲ, ಎರಡೂ ಬದಿ ಸಮ. ಆದರೆ ಭಾಸ್ಕರ ಇದನ್ನು ಬೇಡ ಎನ್ನುತ್ತಾನೆ. ಒಂದು ಕೋತಿಯಿಂದ ಮೂರು ಕೋತಿಗಳನ್ನು ಕಳೆಯುವುದು ಹೇಗೆ? ಕಣ್ಣಿಗೆ ಕಾಣುವ ವಸ್ತುಗಳ ಎಣಿಕೆ ಋಣವಾಗುವುದನ್ನು ಲೋಕ ಒಪ್ಪುವುದಿಲ್ಲ ಎಂಬುದು ಅವನು ಕೊಡುವ ಕಾರಣ.

ಗಮನಿಸಿ, ಅವನು ಬಿಸಾಡಿದ್ದು 5 ಎಂಬ ಉತ್ತರವನ್ನು, ಅದೇನೂ ಋಣಸಂಖ್ಯೆಯಲ್ಲ! ನಮ್ಮ ಹುಡುಗರು ಧನ ಬೇರು ಇಟ್ಟುಕೋ, ಋಣ ಬೇರು ಬಿಡು ಎಂದು ಬಾಯಿಪಾಠ ಮಾಡಿರುತ್ತಾರೆ. ಆ ನಿಯಮ ಇಲ್ಲಿ ಕೈಕೊಡುತ್ತದೆ. ಐದು ಕೋತಿಗಳ ಹಿಂಡು ಇರಬಹುದು. ತೊಂದರೆ ಇರುವುದು ದಾರಿಯ ನಡುವೆ, ಮೂರು ಕಳೆಯುವ ಹೆಜ್ಜೆಯಲ್ಲಿ. ಅಂದರೆ ಡೊಮೇನ್ ಕಂಡುಹಿಡಿಯಲು ಕೊನೆಯ ಉತ್ತರವನ್ನು ಮಾತ್ರ ನೋಡಿದರೆ ಸಾಲದು, ಕಥೆಯ ಪ್ರತಿಯೊಂದು ಹೆಜ್ಜೆಗೂ ಅರ್ಥವಿದೆಯೇ ಎಂದು ನೋಡಬೇಕು. ಹಿಂಡಿನ ಐದನೆಯ ಒಂದು ಭಾಗ ಪೂರ್ಣಸಂಖ್ಯೆಯಾಗಬೇಕು, ಅದು ಮೂರಕ್ಕಿಂತ ಕಡಿಮೆಯಿರಬಾರದು. ಆದ್ದರಿಂದ ಡೊಮೇನ್ 15, 20, 25, ಹೀಗೆ ಐದರ ಮಗ್ಗಿ. ಐದು ಅದರೊಳಗೆ ಇಲ್ಲವೇ ಇಲ್ಲ. ಇದನ್ನು ಮೊದಲೇ ಬರೆದಿಟ್ಟುಕೊಂಡವನಿಗೆ ಯಾವ ಬೇರನ್ನು ಬಿಡಬೇಕು ಎಂಬ ಗೊಂದಲವೇ ಹುಟ್ಟುವುದಿಲ್ಲ.

ಕೋತಿಗಳು ಇನ್ನೊಂದನ್ನೂ ಹೇಳಿದವು. ಎಲ್ಲ ಡೊಮೇನೂ ಎಳೆದ ಗೆರೆಯಂತೆ ಅಖಂಡವಾಗಿರುವುದಿಲ್ಲ, ಕೆಲವು ಕಾಲುಹಾದಿಯಲ್ಲಿಟ್ಟ ಕಲ್ಲುಗಳಂತೆ ಬಿಡಿಬಿಡಿಯಾಗಿರುತ್ತವೆ. ಕ್ರಿಕೆಟ್ ನೋಡುವವರು ದಿನವೂ ಇಂಥದ್ದರ ಜೊತೆ ಬಾಳುತ್ತಾರೆ. ಪರದೆಯ ಮೇಲೆ 19.4 ಓವರ್ ಎಂದು ಬರುತ್ತದೆ, ಆಮೇಲೆ 19.5, ಆಮೇಲೆ ನೇರ 20. 19.7 ಓವರ್ ಎಂಬುದನ್ನು ಯಾರಾದರೂ ನೋಡಿದ್ದೀರಾ? ಅದು ಡೊಮೇನಿನಲ್ಲಿಲ್ಲ. 19.4 ಎಂದರೆ ಹತ್ತೊಂಬತ್ತು ಓವರ್ ಮತ್ತು ನಾಲ್ಕು ಎಸೆತ, ಹತ್ತೊಂಬತ್ತು ಮತ್ತು ಹತ್ತನೆಯ ನಾಲ್ಕು ಭಾಗ ಅಲ್ಲ. ರನ್ ರೇಟ್ ಹಾಕುವಾಗ 19.4ರಿಂದಲೇ ಭಾಗಿಸುವವರನ್ನು ಕಂಡಿದ್ದೇನೆ. ಭಾಗಿಸಬೇಕಾದದ್ದು 19.67ರಿಂದ.

ಇನ್ನು ಅಂಕಗಳ ವಿಷಯ. ಇಲ್ಲಿ ಎಸೆಸೆಲ್ಸಿ ಮಕ್ಕಳ ತಂದೆತಾಯಂದಿರೂ ಬಂದಿದ್ದೀರಿ. ಒಟ್ಟು 625 ಅಂಕ. ಅಂಕ ಕೊಟ್ಟರೆ ಶೇಕಡಾವಾರು ಹೇಳುವುದು ಒಂದು ಫಂಕ್ಷನ್. ಒಂದು ಅಂಕಕ್ಕೆ ಶೇಕಡಾ 0.16. ಹಾಗಾಗಿ ವ್ಯಾಪ್ತಿಯಲ್ಲಿರುವುದು 0.16ರ ಮಗ್ಗಿ ಮಾತ್ರ. 597 ಅಂಕಕ್ಕೆ 95.52, 598ಕ್ಕೆ 95.68. ನಡುವೆ ಏನೂ ಇಲ್ಲ. ನೆಂಟರ ಮನೆಯ ಸಮಾರಂಭದಲ್ಲಿ ಒಬ್ಬರು ತಮ್ಮ ಮಗನಿಗೆ 95.6 ಬಂದಿದೆ ಎಂದರೆ ನೀವು ನಗುತ್ತಾ ಲಾಡು ತಿನ್ನಿ, ಆದರೆ ಅದು ಸಾಧ್ಯವಿಲ್ಲ ಎಂಬುದು ನಿಮಗೆ ಗೊತ್ತಿರಲಿ. ಒಂದು ದಶಮಾಂಶಕ್ಕೆ ಸರಿಹೊಂದಿಸಿದರೆ 95.5 ಬರುತ್ತದೆ ಅಥವಾ 95.7 ಬರುತ್ತದೆ. 95.68ರ ಕೊನೆಯ ಅಂಕಿಯನ್ನು ಕತ್ತರಿಸಿ ಬಿಸಾಡಿದರೆ ಮಾತ್ರ 95.6. ಮಗನ ಅಂಕವನ್ನು ಕತ್ತರಿಸುವ ತಂದೆ ಇನ್ನೂ ಹುಟ್ಟಬೇಕು.

ಈ ಉದಾಹರಣೆಯನ್ನು ಬರೀ ತಮಾಷೆಗೆ ಹೇಳಲಿಲ್ಲ. ಡೊಮೇನನ್ನು ಎಲ್ಲರೂ ಗೌರವದಿಂದ ಕಾಣುತ್ತಾರೆ, ವ್ಯಾಪ್ತಿಯನ್ನು ಕೊನೆಯಲ್ಲಿ ತುರುಕುವ ಬಾಲವೆಂದು ತಿಳಿಯುತ್ತಾರೆ. ನನ್ನ ಪ್ರಕಾರ ಹೆಚ್ಚು ಸುದ್ದಿ ಇರುವುದು ವ್ಯಾಪ್ತಿಯಲ್ಲೇ. ಏನು ಎಂದೆಂದಿಗೂ ಆಗಲಾರದು ಎಂಬುದನ್ನು ಅದು ಹೇಳುತ್ತದೆ.

ಅದನ್ನು ಹುಡುಕುವಾಗ ಆಗುವ ಒಂದು ದೊಡ್ಡ ತಪ್ಪಿದೆ. ಡೊಮೇನಿನ ಎರಡು ತುದಿಗಳನ್ನು ಸೂತ್ರಕ್ಕೆ ಹಾಕಿ, ಬಂದ ಎರಡು ಸಂಖ್ಯೆಗಳನ್ನೇ ವ್ಯಾಪ್ತಿ ಎಂದು ಬರೆಯುವುದು. ಸಿಲಿಂಡರಿಗೆ ಅದು ನಡೆಯಿತು, ಏಕೆಂದರೆ ಅಲ್ಲಿ ಗೆರೆ ನೇರ. ಈಗ ಒಬ್ಬ ರೈತನ ಬಳಿ 100 ಮೀಟರ್ ತಂತಿ ಇದೆ. ಕಾಲುವೆಯ ದಂಡೆಗೆ ತಾಗಿದಂತೆ ಆಯತಾಕಾರದ ತುಂಡಿಗೆ ಬೇಲಿ ಹಾಕಬೇಕು. ಕಾಲುವೆಯ ಕಡೆ ಬೇಲಿ ಬೇಡ. ಅಗಲ 'ಅ' ಮೀಟರ್ ಆದರೆ ಎರಡು ಪಕ್ಕಕ್ಕೆ ಎರಡು 'ಅ' ಹೋಗಿ ಉದ್ದಕ್ಕೆ ಉಳಿಯುವುದು 100 − 2 × ಅ. ವಿಸ್ತೀರ್ಣ ಅ × (100 − 2 × ಅ). ಅಗಲ 0ಗೂ 50ಕ್ಕೂ ನಡುವೆ. ಎರಡೂ ತುದಿಯಲ್ಲಿ ವಿಸ್ತೀರ್ಣ ಸೊನ್ನೆ. ತುದಿಗಳನ್ನೇ ನಂಬಿದವನು ರೈತನಿಗೆ ಜಮೀನೇ ಇಲ್ಲ ಎಂದು ಹೇಳಿ ಮನೆಗೆ ಕಳಿಸುತ್ತಾನೆ! ನಡುವೆ, ಅಗಲ 25 ಆದಾಗ, ವಿಸ್ತೀರ್ಣ 25 × 50, ಅಂದರೆ 1250 ಚದರ ಮೀಟರ್, ಹನ್ನೆರಡು ಗುಂಟೆಗೆ ಸ್ವಲ್ಪ ಮೇಲೆ. ಅದೇ ನೆತ್ತಿ. ವ್ಯಾಪ್ತಿ ಸೊನ್ನೆಗಿಂತ ಹೆಚ್ಚು, 1250ರವರೆಗೆ.

ಇಷ್ಟಕ್ಕೆ ಪುಸ್ತಕ ನಿಲ್ಲುತ್ತದೆ, ರೈತ ನಿಲ್ಲುವುದಿಲ್ಲ. ಟ್ರ್ಯಾಕ್ಟರ್ ಒಳಗೆ ತಿರುಗಬೇಕಾದರೆ ಯಾವ ಬದಿಯೂ 4 ಮೀಟರಿಗಿಂತ ಕಡಿಮೆ ಇರಬಾರದು ಎನ್ನುತ್ತಾನೆ. ಆಗ ಅಗಲ 4ರಿಂದ 48ರವರೆಗೆ. ಅಗಲ 4 ಆದರೆ 4 × 92, ಅಂದರೆ 368. ಅಗಲ 48 ಆದರೆ 48 × 4, ಅಂದರೆ 192. ವ್ಯಾಪ್ತಿ 192ರಿಂದ 1250. ಆಮೇಲೆ ಅವನು ತಲೆ ಕೆರೆದುಕೊಂಡು, ಕಾಲುವೆಯ ಪಕ್ಕ ನನ್ನದು 40 ಮೀಟರ್ ಮಾತ್ರ, ಆಚೆಗೆ ಅಣ್ಣನ ಪಾಲು ಎನ್ನುತ್ತಾನೆ. ಉದ್ದ 40 ಮೀರಬಾರದು ಎಂದರೆ ಅಗಲ 30ಕ್ಕಿಂತ ಕಡಿಮೆಯಾಗಬಾರದು. ಡೊಮೇನ್ 30ರಿಂದ 48ಕ್ಕೆ ಕುಗ್ಗಿತು. ನೆತ್ತಿ ಇದ್ದದ್ದು 25ರಲ್ಲಿ, ಅದು ಈಗ ಬೇಲಿಯ ಹೊರಗೆ! ಹೆಚ್ಚೆಂದರೆ 30 × 40, ಅಂದರೆ 1200. ವ್ಯಾಪ್ತಿ 192ರಿಂದ 1200. ಸೂತ್ರದ ಒಂದಕ್ಷರವೂ ಬದಲಾಗಲಿಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿ ಗರಿಷ್ಠ ಬೆಲೆಯನ್ನು ಬದಲಾಯಿಸಿತು. ನೆತ್ತಿ ಎಲ್ಲಿದೆ ಎಂದು ಕಂಡುಹಿಡಿದರೆ ಸಾಲದು, ಅದು ನಮ್ಮ ಹೊಲದೊಳಗೆ ಇದೆಯೇ ಎಂದೂ ನೋಡಬೇಕು.

ಪೇಟೆಗೆ ಬರೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋದ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅರ್ಧ ಕಿಲೋಮೀಟರ್ ಹೋದರೂ 36, ಎರಡು ಹೋದರೂ 36, ಐದು ಹೋದರೆ 90. ಹಗಲಿನ ದರದ ವ್ಯಾಪ್ತಿ 36ರಿಂದ ಮೇಲಕ್ಕೆ. 20 ರೂಪಾಯಿ ಎಂಬ ದರ ಅಲ್ಲಿಲ್ಲ. ಮೀಟರ್ ಹಾಕದೆ ಕೇಳುವ ದರದ ಫಂಕ್ಷನ್ ಯಾವುದು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ. ಒಂದೇ ದೂರಕ್ಕೆ ಒಬ್ಬರು 100 ಎನ್ನುತ್ತಾರೆ, ಇನ್ನೊಬ್ಬರು 150 ಎನ್ನುತ್ತಾರೆ. ಒಂದು ಒಳಸುರಿಗೆ, ಅಂದರೆ ಒಳಗೆ ಹಾಕಿದ ಒಂದೇ ಬೆಲೆಗೆ, ಎರಡು ಉತ್ತರ ಬಂದರೆ ಅದು ಫಂಕ್ಷನ್ನೇ ಅಲ್ಲ, ಸ್ವಾಮಿ. ಮಳೆ, ರಾತ್ರಿ, ನಿಮ್ಮ ಕೈಯಲ್ಲಿರುವ ಸೂಟ್‌ಕೇಸು ಇವನ್ನೂ ಒಳಸುರಿಗಳಾಗಿ ಸೇರಿಸಿದರೆ ಆದೀತೇನೋ.

ವಿದ್ಯುತ್ ಬಿಲ್ಲಿನಲ್ಲಿ ವ್ಯಾಪ್ತಿ ಇನ್ನೂ ಸ್ವಾರಸ್ಯವಾಗಿದೆ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ಉಚಿತ ಯೂನಿಟ್ಟುಗಳು ನಿಗದಿಯಾಗಿವೆ. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚುವರಿಗೆ ಮಾತ್ರ ಹಣ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ನಿಮ್ಮ ಮನೆಯ ಉಚಿತ ಮಿತಿ 110 ಯೂನಿಟ್ ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯೋಣ, ನಿಗದಿತ ಶುಲ್ಕವನ್ನೂ ತೆರಿಗೆಯನ್ನೂ ಪಕ್ಕಕ್ಕಿಡೋಣ. 110ರವರೆಗೆ ಬಿಲ್ ಸೊನ್ನೆ. 111ಕ್ಕೆ 6 ರೂಪಾಯಿ. ಹೀಗೆ ಏರುತ್ತಾ 200ಕ್ಕೆ 90 ಹೆಚ್ಚುವರಿ ಯೂನಿಟ್, 540 ರೂಪಾಯಿ. ಮುಂದಿನ ಯೂನಿಟ್ಟಿಗೆ? 201ನ್ನು ಪೂರ್ತಿ 6ರಿಂದ ಗುಣಿಸಬೇಕು, 1206 ರೂಪಾಯಿ. ಆ ಒಂದು ಯೂನಿಟ್ಟಿನ ಬೆಲೆ 666 ರೂಪಾಯಿ. ತಿಂಗಳ ಕೊನೆಯಲ್ಲಿ ಗೀಸರಿನ ಸ್ವಿಚ್ಚಿನ ಬಳಿ ಮನೆಯ ಹಿರಿಯರು ಕಾವಲು ನಿಲ್ಲುವುದು ಸುಮ್ಮನೆ ಅಲ್ಲ!

ಇಲ್ಲಿ ಡೊಮೇನಿನಲ್ಲಿ ಯಾವ ತೂತೂ ಇಲ್ಲ, ಎಷ್ಟು ಯೂನಿಟ್ ಬೇಕಾದರೂ ಬಳಸಬಹುದು. ತೂತಿರುವುದು ವ್ಯಾಪ್ತಿಯಲ್ಲಿ. 540ಕ್ಕಿಂತ ಹೆಚ್ಚು, 1206ಕ್ಕಿಂತ ಕಡಿಮೆ ಇರುವ ಬಿಲ್ ಆ ಮನೆಗೆ ಎಂದೂ ಬರಲಾರದು. 800 ರೂಪಾಯಿಯ ಬಿಲ್ ಬಂದಿದೆ ಎಂದು ಆ ಮನೆಯವರು ಹೇಳಿದರೆ, ನಾವು ಪಕ್ಕಕ್ಕಿಟ್ಟ ಶುಲ್ಕಗಳು ಅದರಲ್ಲಿ ಸೇರಿವೆ, ಇಲ್ಲವೇ ಎಲ್ಲೋ ತಪ್ಪಾಗಿದೆ.

ಇಂಥ ತೂತನ್ನು ಬೇಕೆಂದೇ ಮುಚ್ಚಿದ ಒಂದು ಜಾಗವೂ ಇದೆ, ಆದಾಯ ತೆರಿಗೆ. 2025–26ರ ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಸ್ಲ್ಯಾಬುಗಳ ಪ್ರಕಾರ ಲೆಕ್ಕ ಹಾಕಿದರೆ ಅಲ್ಲಿ 60,000 ರೂಪಾಯಿ ಆಗಬೇಕಿತ್ತು. ಹಾಗಾದರೆ ಒಂದು ರೂಪಾಯಿ ಹೆಚ್ಚು ದುಡಿದವನು ಅರವತ್ತು ಸಾವಿರ ಕಟ್ಟಬೇಕೇ? ಬೇಡ. ಮಾರ್ಜಿನಲ್ ರಿಲೀಫ್ ಎಂಬ ನಿಯಮದಂತೆ 12 ಲಕ್ಷದ ಮೇಲೆ ಎಷ್ಟು ಗಳಿಸಿದ್ದಾನೋ ಅದಕ್ಕಿಂತ ಹೆಚ್ಚು ತೆರಿಗೆ ಬೀಳುವುದಿಲ್ಲ. 12,10,000ಕ್ಕೆ ತೆರಿಗೆ 10,000, ಸೆಸ್ ಬೇರೆ. ಸುಮಾರು 12 ಲಕ್ಷದ 70 ಸಾವಿರದ ಹತ್ತಿರ ಈ ಇಳಿಜಾರು ಮಾಮೂಲಿ ಸ್ಲ್ಯಾಬಿನ ದಾರಿಯನ್ನು ಕೂಡಿಕೊಳ್ಳುತ್ತದೆ. ಗ್ರಾಫ್ ಬರೆದರೆ ಗೋಡೆ ಇರಬೇಕಾದ ಕಡೆ ಕಡಿದಾದ ಏರು ಕಾಣುತ್ತದೆ. ವ್ಯಾಪ್ತಿಯಲ್ಲಿ ಬಿರುಕಿಲ್ಲ. ಕಾನೂನು ಬರೆಯುವವರು ಒಂದು ಕಡೆ ವ್ಯಾಪ್ತಿಯನ್ನು ನೋಡಿದ್ದಾರೆ, ಇನ್ನೊಂದು ಕಡೆ ನೋಡಿಲ್ಲ ಎಂದು ನನಗೆ ಅನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಿದರೆ ಆಮೇಲೆ ಕಾಫಿ ಕುಡಿಯುತ್ತಾ ವಾದಿಸೋಣ.

ಅತ್ಯಂತ ಪುಟ್ಟ ವ್ಯಾಪ್ತಿ ಬೇಕೆಂದರೆ ಶಕ್ತಿ ಯೋಜನೆ ನೋಡಿ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ, ರಾಜ್ಯದ ಗಡಿಯೊಳಗೆ, ಎಷ್ಟು ದೂರಕ್ಕಾದರೂ ಟಿಕೆಟ್ ಸೊನ್ನೆ. ಡೊಮೇನ್ ಬೀದರಿನಿಂದ ಚಾಮರಾಜನಗರದವರೆಗೆ ಹರಡಿದೆ, ವ್ಯಾಪ್ತಿಯಲ್ಲಿ ಸೊನ್ನೆ ಒಂದೇ. ಆದರೂ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾರೆ. ಸೊನ್ನೆ ಎಂಬುದು ಒಂದು ಉತ್ತರ, ಉತ್ತರ ಇಲ್ಲದಿರುವುದಲ್ಲ. ಐರಾವತ ಹತ್ತಿದರೆ ಆಗ ಡೊಮೇನಿನ ಹೊರಗೆ.

ಇದುವರೆಗೆ ಎಲ್ಲಕ್ಕೂ ಒಂದು ಸೂತ್ರವಿತ್ತು. ಕೊನೆಯ ಉದಾಹರಣೆಗೆ ಸೂತ್ರವೇ ಇಲ್ಲ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ನೀವು ಮೊದಲು ಹುಡುಕುವ ಪೆಟ್ಟಿಗೆ ಯಾವುದು? ಜಲಾಶಯಗಳ ಮಟ್ಟ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ, ಪೂರ್ತಿ ತುಂಬಿದಾಗ 49.45 ಟಿಎಂಸಿ ನೀರು. ಅಡಿ ಕೊಟ್ಟರೆ ಟಿಎಂಸಿ ಹೇಳುವುದು ಒಂದು ಫಂಕ್ಷನ್. ಅದನ್ನು ಎಂಜಿನಿಯರುಗಳು ಕೋಷ್ಟಕವಾಗಿ ಇಟ್ಟುಕೊಂಡಿರುತ್ತಾರೆ, ಏಕೆಂದರೆ ಕಣಿವೆಯ ಆಕಾರಕ್ಕೆ ಬೀಜಗಣಿತ ಬರುವುದಿಲ್ಲ. 100 ಅಡಿ ಎಂದು ಓದಿದಾಗ ಐದರಲ್ಲಿ ನಾಲ್ಕು ಪಾಲು ತುಂಬಿತು ಎಂದು ಹಿಗ್ಗುತ್ತೇವೆ. ನೀರಿನ ಲೆಕ್ಕದಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆ. ಕಣಿವೆ ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನ ಒಂದು ಅಡಿ ಕೆಳಗಿನ ಒಂದು ಅಡಿಗಿಂತ ಎಷ್ಟೋ ಹೆಚ್ಚು ನೀರು ಹಿಡಿಯುತ್ತದೆ. ತೂಬಿಗಿಂತ ಕೆಳಗಿನ ನೀರು ಕಾಲುವೆಗೆ ಹರಿಯುವುದೂ ಇಲ್ಲ. ನಮ್ಮ ಸಿಲಿಂಡರಿನ ಖಾಲಿ ತೂಕದ ಹಾಗೆ, ಲೆಕ್ಕದಲ್ಲಿರುತ್ತದೆ, ಬಳಕೆಗಿಲ್ಲ.

ತುಂಗಭದ್ರಾದ ಕಥೆ ಇನ್ನೊಂದು ಬಗೆ. ಅಲ್ಲಿನ ಗರಿಷ್ಠ ಮಟ್ಟ 1633 ಅಡಿ. ಕನ್ನಂಬಾಡಿಗಿಂತ ಹದಿಮೂರು ಪಟ್ಟು ಎತ್ತರದ ಅಣೆಕಟ್ಟು ಎಂದು ಹೆದರಬೇಡಿ, ಅದು ಸಮುದ್ರಮಟ್ಟದಿಂದ ಎಣಿಸಿದ್ದು. ಡೊಮೇನ್ ಸೊನ್ನೆಯಿಂದಲೇ ಶುರುವಾಗಬೇಕು ಎಂಬ ಕಟ್ಟಳೆ ಎಲ್ಲೂ ಇಲ್ಲ. 1953ರಲ್ಲಿ ನೀರು ನಿಲ್ಲಿಸಿದಾಗ 1633 ಅಡಿಗೆ ಸುಮಾರು 133 ಟಿಎಂಸಿ. ಈಗಿನ ಲೆಕ್ಕದಲ್ಲಿ ಅದೇ 1633 ಅಡಿಗೆ 105.79 ಟಿಎಂಸಿ. ನಡುವಿನದನ್ನು ಹೂಳು ತಿಂದಿದೆ. ಡೊಮೇನಿನ ಮೇಲ್ತುದಿ ಕದಲಲಿಲ್ಲ, ವ್ಯಾಪ್ತಿ ವರ್ಷವರ್ಷ ಕುಗ್ಗಿತು. ಹಳೆಯ ಕೋಷ್ಟಕ ಹಿಡಿದುಕೊಂಡು ಕುಳಿತವನು ಇಲ್ಲದ ನೀರನ್ನು ಹಂಚುತ್ತಾನೆ. ಆಮೇಲೆ 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುವರ್ಷ ಗೇಟುಗಳ ಸ್ಥಿತಿ ನೋಡಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದು ಬೇಡವೆಂದು ತೀರ್ಮಾನಿಸಿದರು. ಕಣಿವೆ ಇನ್ನೂ ಹಿಡಿಯುತ್ತಿತ್ತು, ನದಿಯಲ್ಲಿ ನೀರೂ ಇತ್ತು. ವ್ಯಾಪ್ತಿಯ ಮೇಲ್ತುದಿಯನ್ನು ಮನುಷ್ಯರು ಕುಳಿತು ಇಳಿಸಿದರು, ಅದರ ಜೊತೆಗೆ ಡೊಮೇನಿನ ಮೇಲ್ತುದಿಯೂ ಇಳಿಯಿತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯುತ್ತಾ ಕೂರಬೇಕೇ ಎಂದು ಕೇಳುತ್ತಿದ್ದಾಳೆ. ಬೇಡಮ್ಮ. ಸೂತ್ರದ ಪಕ್ಕದಲ್ಲಿ ಒಂದು ಸಾಲು ಸಾಕು: ಸಮಯ ಸೊನ್ನೆಯಿಂದ ಇಷ್ಟರವರೆಗೆ, ಏಕೆಂದರೆ ಆಮೇಲೆ ಕಲ್ಲು ನೆಲ ಮುಟ್ಟುತ್ತದೆ. ಆ 'ಏಕೆಂದರೆ' ಬರೆದಿದ್ದರೆ ಕೂಡುಕಳೆಯುವಿಕೆಯಲ್ಲಿ ತಪ್ಪಿದ್ದರೂ ನಾನು ಅಂಕ ಕೊಟ್ಟಿದ್ದೇನೆ.

ಮನೆಗೆ ಒಂದು ಲೆಕ್ಕ ತೆಗೆದುಕೊಂಡು ಹೋಗಿ. ಟೆರೇಸಿನ ಮೇಲಿನ ಟ್ಯಾಂಕು 1000 ಲೀಟರಿನದು. ಈಗ ಅದರಲ್ಲಿ 200 ಲೀಟರ್ ಇದೆ. ಮೋಟರ್ ನಿಮಿಷಕ್ಕೆ 25 ಲೀಟರ್ ಎತ್ತುತ್ತದೆ. ನಿಮಿಷ ಕೊಟ್ಟರೆ ಟ್ಯಾಂಕಿನಲ್ಲಿರುವ ನೀರು ಹೇಳುವ ಫಂಕ್ಷನ್ ಬರೆದು ಅದರ ಡೊಮೇನನ್ನೂ ವ್ಯಾಪ್ತಿಯನ್ನೂ ಹೇಳಿ. 32 ನಿಮಿಷ ಎಂದು ಈಗಾಗಲೇ ಕೆಲವರು ಪಿಸುಗುಟ್ಟುತ್ತಿದ್ದೀರಿ. ಆಗ ಕೆಳಗೆ ಬಚ್ಚಲಿನಲ್ಲಿ ಯಾರೋ ನಿಮಿಷಕ್ಕೆ 10 ಲೀಟರಿನಂತೆ ನಲ್ಲಿ ಬಿಟ್ಟುಕೊಂಡಿದ್ದರೆ? ಅದನ್ನೂ ಮಾಡಿ. ಮತ್ತೆ, ಉತ್ತರ ಬರೆಯುವ ಮುನ್ನ ನಿಮ್ಮ ಮನೆಯಲ್ಲಿ ಮೋಟರ್ ಆಫ್ ಮಾಡುವವರು ಯಾರು, ಅವರು ಆ ಹೊತ್ತಿಗೆ ಧಾರಾವಾಹಿ ನೋಡುತ್ತಿರುತ್ತಾರೆಯೇ ಎಂದು ಕೇಳಿಕೊಂಡು ಬನ್ನಿ.